ಲಿನಕ್ಸ್ ಡಿಸ್ಕ್ ಗುರುತು ಹಿಡಿಯುತ್ತಿಲ್ಲವೇ? ಫಾರ್ಮ್ಯಾಟ್‌ಗೆ ಮೊದಲು ಇದನ್ನು ನೋಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಫೋಟೊ ಸ್ಟುಡಿಯೊ ಇದೆ ಅಂದುಕೊಳ್ಳಿ. ಹಳೇ ಕಂಪ್ಯೂಟರ್, ಅದರಲ್ಲಿ ಉಬುಂಟು. ಮದುವೆ ಸೀಸನ್ ಬಂತು, ಜಾಗ ಸಾಲದು ಅಂತ ಇನ್ನೊಂದು ಹಾರ್ಡ್ ಡಿಸ್ಕ್ ಹಾಕಿಸಿದರು. ಆನ್ ಮಾಡಿದರೆ ಒಂದೂವರೆ ನಿಮಿಷ ಕಾಯಿಸಿ, ಎಮರ್ಜೆನ್ಸಿ ಮೋಡ್ ಅಂತ ತೋರಿಸಿ ನಿಂತುಬಿಟ್ಟಿತು. 'ಡಿಸ್ಕ್ ಹೋಗ್ಯದ, ಫಾರ್ಮ್ಯಾಟ್ ಮಾಡ್ರಿ' ಅನ್ನುವವರು ಪಕ್ಕದಲ್ಲೇ ಇರುತ್ತಾರೆ. ಅವರ ಮಾತು ಕೇಳಬೇಡಿ. ಫೋಟೊಗಳೆಲ್ಲ ಹಾಗೇ ಇರುವ ಸಾಧ್ಯತೆಯೇ ಜಾಸ್ತಿ.

ಎಸ್‌ಡಿಎ, ಎಸ್‌ಡಿಬಿ ಅಂತ ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳು ಡಿಸ್ಕಿಗೆ ಅಂಟಿಕೊಂಡವಲ್ಲ. ಲಿನಕ್ಸಿನ ತಿರುಳಾದ ಕರ್ನೆಲ್ ಕಣ್ಣಿಗೆ ಯಾವುದು ಮೊದಲು ಬಿತ್ತೋ ಅದು ಎ, ಆಮೇಲಿನದು ಬಿ. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತ ಜಾಗ ದಿನಾ ಬದಲಾಗುತ್ತದೆ, ಕಾರ್ಡ್ ನಂಬರ್ ಬದಲಾಗುವುದಿಲ್ಲ, ಅಲ್ವಾ? ಡಿಸ್ಕಿನ ಪಾರ್ಟಿಷನ್‌ಗೂ, ಅಂದರೆ ಡಿಸ್ಕಿನೊಳಗಿನ ಪ್ರತಿ ಭಾಗಕ್ಕೂ, ಅಂಥ ಕಾರ್ಡ್ ನಂಬರ್ ಇದೆ, ಅದೇ ಯುಯುಐಡಿ. ನಮ್ಮ ಸ್ಟುಡಿಯೊದಲ್ಲಿ ಹೊಸ ಡಿಸ್ಕ್ ಬಿ ಆಯಿತು, ಮೊದಲು ಬಿ ಆಗಿದ್ದ ಹಳೇ ಫೋಟೊ ಡಿಸ್ಕ್ ಸಿ ಆಯಿತು. ಹೊಸದು ಖಾಲಿ, ಅದರಲ್ಲಿ ಪಾರ್ಟಿಷನ್ನೇ ಇಲ್ಲ. ಇಲ್ಲದ ಎಸ್‌ಡಿಬಿ1ಕ್ಕಾಗಿ (ಬಿ ಡಿಸ್ಕಿನ ಮೊದಲ ಪಾರ್ಟಿಷನ್) ಸಿಸ್ಟಮ್ ಕಾದು ಕಾದು ಸೋತಿತು, ಅಷ್ಟೇ.

ಎಮರ್ಜೆನ್ಸಿ ಮೋಡ್‌ನಲ್ಲಿ ಎಂಟರ್ ಒತ್ತಿ, ರೂಟ್ ಪಾಸ್‌ವರ್ಡ್ ಕೇಳಿದರೆ ಅದನ್ನು ಕೊಟ್ಟು ಒಳಗೆ ಹೋಗಿ, 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಡಿ. ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಬೇಕು. ಡಿಸ್ಕ್, ಪಾರ್ಟಿಷನ್, ಫೈಲ್‌ಸಿಸ್ಟಮ್, ಯುಯುಐಡಿ ಎಲ್ಲ ಒಂದೇ ಪಟ್ಟಿಯಲ್ಲಿ ಬರುತ್ತವೆ. ಉಬುಂಟು ಸಾಮಾನ್ಯವಾಗಿ ಬಳಸುವ ಫೈಲ್‌ಸಿಸ್ಟಮ್ ಎಕ್ಸ್‌ಟಿ4ರ ನಂಬರ್ ಅಡ್ಡಗೆರೆಗಳೂ ಸೇರಿ 36 ಅಕ್ಷರ ಉದ್ದ. ಪೆನ್‌ಡ್ರೈವ್‌ನ ಫ್ಯಾಟ್32ಕ್ಕೆ ಅಡ್ಡಗೆರೆ ಸೇರಿ ಬರೀ 9. ಹಳೇ ಡಿಸ್ಕ್ ಯಾವುದೆಂದು ಗೊತ್ತಾಗದಿದ್ದರೆ ಫೈಲ್‌ಸಿಸ್ಟಮ್, ಲೇಬಲ್ ನೋಡಿ ಅಂದಾಜು ಮಾಡಿ.

ಈಗ ರಿಪೇರಿ. '/ಇಟಿಸಿ/ಎಫ್‌ಎಸ್‌ಟ್ಯಾಬ್' ಅನ್ನುವುದು ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಬರೆದಿರುವ ಫೈಲ್. ಅದನ್ನು ಮೊದಲು ನಕಲು ಮಾಡಿಟ್ಟು, ನ್ಯಾನೊ ಎಡಿಟರ್‌ನಲ್ಲಿ ತೆರೆಯಿರಿ. '/ಡೆವ್/ಎಸ್‌ಡಿಬಿ1' ಎಂದಿರುವ ಸಾಲು ಹುಡುಕಿ. ಆ ಹೆಸರನ್ನಷ್ಟೇ ಅಳಿಸಿ, ಅದೇ ಜಾಗದಲ್ಲಿ 'ಯುಯುಐಡಿ=' ಎಂದು ಬರೆದು, ಮುಂದೆ ಹಳೇ ಡಿಸ್ಕಿನ ಪಾರ್ಟಿಷನ್‌ನ ಆ ಉದ್ದದ ನಂಬರ್ ಹಾಕಿ. ಈ ಒಂದು ಪದ ಮಾತ್ರ ದೊಡ್ಡಕ್ಷರದಲ್ಲಿರಲಿ. ಅದೇ ಸಾಲಿನ ನಾಲ್ಕನೇ ಕಾಲಮ್‌ನಲ್ಲಿ 'ಡಿಫಾಲ್ಟ್ಸ್' ಪಕ್ಕ ಕಾಮಾ ಕೊಟ್ಟು 'ನೋಫೇಲ್' ಸೇರಿಸಿ. ಮಧ್ಯೆ ಸ್ಪೇಸ್ ಬಿಡಬೇಡಿ. ಇದಿದ್ದರೆ ಮುಂದೆ ಯಾವತ್ತಾದರೂ ಆ ಡಿಸ್ಕ್ ಸಿಗದಿದ್ದರೂ ಕಂಪ್ಯೂಟರ್ ಬೂಟ್ ಆಗುತ್ತದೆ. ಡೇಟಾ ಡಿಸ್ಕಿಗೆ ಇದನ್ನು ಇನ್‌ಸ್ಟಾಲ್ ಮಾಡುವಾಗಲೇ ಹಾಕಿಡುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಸೇವ್ ಮಾಡಿದ ತಕ್ಷಣ ರೀಬೂಟ್ ಮಾಡಬೇಡಿ. 'ಫೈಂಡ್‌ಎಮ್‌ಎನ್‌ಟಿ --ವೆರಿಫೈ' ಕೊಟ್ಟರೆ ಫೈಲಿನಲ್ಲಿರುವ ತಪ್ಪು ಅಲ್ಲೇ ಹೇಳುತ್ತದೆ. ನಂತರ 'ಮೌಂಟ್ -ಎ', ಅದು ಆ ಫೈಲಿನಲ್ಲಿರುವ ಡಿಸ್ಕುಗಳನ್ನು ಜೋಡಿಸುತ್ತದೆ. ಏನೂ ಗೊಣಗದೆ ಪ್ರಾಂಪ್ಟ್ ವಾಪಸ್ ಬಂದರೆ ಕೆಲಸ ಆಯಿತು.

ಡಿಸ್ಕ್ ಪಟ್ಟಿಯಲ್ಲೇ ಇಲ್ಲವೇ? ಕರ್ನೆಲ್ ಸಂದೇಶಗಳನ್ನು ತೋರಿಸುವ 'ಡಿಎಮ್‌ಇಎಸ್‌ಜಿ' ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಐಒ ಎರರ್ ಸಾಲುಗಟ್ಟಿ ಬರುತ್ತಿದ್ದರೆ ಪವರ್ ತೆಗೆದು, ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬಿಚ್ಚಿ ಮತ್ತೆ ಸಿಕ್ಕಿಸಿ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕ್ಯಾಬಿನೆಟ್ ಫ್ಯಾನಿನ ಧೂಳನ್ನೂ ಹಾಗೇ ಊದಿಬಿಡಿ.

ಡಿಸ್ಕನ್ನು ಕ್ಲೋನ್ (ಪೂರ್ತಿ ಯಥಾವತ್ ನಕಲು) ಮಾಡಿದ್ದರೆ ಬೇರೆ ತಂಟೆ. ಎರಡಕ್ಕೂ ಒಂದೇ ಯುಯುಐಡಿ ಬಂದಿರುತ್ತದೆ. ನಕಲು ಎಕ್ಸ್‌ಟಿ4 ಆಗಿದ್ದರೆ, ಅದನ್ನು ಅನ್‌ಮೌಂಟ್ ಮಾಡಿ, 'ಇ2ಎಫ್‌ಎಸ್‌ಸಿಕೆ -ಎಫ್' ಓಡಿಸಿ, ಆಮೇಲೆ 'ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್' ಕೊಡಿ. ಇಲ್ಲಿ ಯು ದೊಡ್ಡಕ್ಷರ. ಎರಡರಲ್ಲೂ ಕೊನೆಗೆ ಪಾರ್ಟಿಷನ್ ಹೆಸರು ಬರಬೇಕು.

ಇನ್ನೊಂದು, ಯುಎಸ್‌ಬಿ ಕೇಸ್‌ನಲ್ಲಿದ್ದ ಡಿಸ್ಕನ್ನು ತೆಗೆದು ನೇರ ಸಾಟಾಗೆ ಹಾಕಿದಾಗ ಪಾರ್ಟಿಷನ್‌ಗಳೇ ಕಾಣದೆ ಹೋಗಬಹುದು. ಕೆಲವು ಕೇಸ್‌ಗಳು ಸೆಕ್ಟರ್ ಅಳತೆಯನ್ನು 4096 ಬೈಟ್ ಎಂದು ತೋರಿಸುತ್ತವೆ, ನೇರ ಸಾಟಾದಲ್ಲಿ ಅದೇ ಡಿಸ್ಕ್ 512 ಎನ್ನುತ್ತದೆ. ಲೆಕ್ಕ ತಪ್ಪಿ ಪಾರ್ಟಿಷನ್‌ಗಳ ಪಟ್ಟಿ ಓದಲು ಬರುವುದಿಲ್ಲ. ಅದೇ ಕೇಸ್‌ಗೆ ಡಿಸ್ಕನ್ನು ವಾಪಸ್ ಹಾಕಿ, ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡುವುದೇನಿದ್ದರೂ ಅದಾದ ಮೇಲೆ.