ಬಾಣಸಿಗರ ಚಾಕುಗಳಿಗೊಂದು ಚರ್ಮದ ಸುರುಳಿಚೀಲ

ಮನೆಯಲ್ಲಿ ಹೊಲಿದ ಚಾಕು ಸುರುಳಿ ಹಾಳಾಗುವುದು ಹೊರಗಿನಿಂದಲ್ಲ, ಒಳಗಿನಿಂದ. ಚರ್ಮ ಗಟ್ಟಿಮುಟ್ಟಾಗಿರುತ್ತದೆ, ಬಕಲ್ ಹೊಳೆಯುತ್ತಿರುತ್ತದೆ. ಆದರೆ ಎರಡು ಕಿಸೆಗಳ ನಡುವಿನ ಹೊಲಿಗೆಯನ್ನು ಅಲಗು ದಿನಕ್ಕಿಷ್ಟು ಎಂದು ಕೊಯ್ಯುತ್ತಲೇ ಇರುತ್ತದೆ. ಒಂದು ದಿನ ಬಿಚ್ಚಿ ನೋಡಿದರೆ ಎರಡು ಕಿಸೆ ಒಂದಾಗಿ, ಚಾಕುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಇಲ್ಲವೇ ಕೆಳಗಿನ ಹೊಲಿಗೆ ಸೀಳಿ ಮೊನೆ ಹೊರಗೆ ಇಣುಕುತ್ತದೆ. ಅದು ಗೊತ್ತಾಗುವುದು ಚೀಲ ಹೆಗಲಿಗೆ ಹಾಕಿಕೊಂಡಾಗ. ಎರಡಕ್ಕೂ ಒಂದೇ ಕಾರಣ: ಎರಡು ಪದರ ಚರ್ಮವನ್ನು ನೇರವಾಗಿ ಸೇರಿಸಿ ಹೊಲಿದು, ನಡುವೆ ಪಟ್ಟಿ ಕೊಡದಿರುವುದು. ಈ ಲೇಖನದ ಹೆಚ್ಚಿನ ಪಾಲು ಆ ಪಟ್ಟಿಗೇ ಮೀಸಲು.

ಯಾವ ಚರ್ಮ

ಹೊರಮೈಗೆ 1.6ರಿಂದ 1.8 ಮಿ.ಮೀ. ದಪ್ಪದ, ಕೈಯಲ್ಲಿ ಹಿಡಿದರೆ ಬಳುಕುವ ಚರ್ಮ. ಕಿಸೆಗಳಿಗೆ 1.2 ಮಿ.ಮೀ. ನಡುಪಟ್ಟಿಗಳಿಗೆ ಮಾತ್ರ ಗಡಸಾದ 2.5 ಮಿ.ಮೀ. ಎರಡೂ ಮೈಗೆ ಮರದ ತೊಗಟೆಯ ರಸದಿಂದ ಹದ ಮಾಡಿದ ಚರ್ಮವನ್ನೇ ಆರಿಸಿ. ಕ್ರೋಮ್ ಹದದ್ದು, ಅಂದರೆ ಕ್ರೋಮಿಯಂ ಲವಣದಿಂದ ಹದ ಮಾಡಿದ್ದು, ಮೆತ್ತಗಿರುತ್ತದೆ, ನೀರು ಬಿದ್ದರೂ ತಡೆಯುತ್ತದೆ, ನಿಜ. ಆದರೆ ಅದರಲ್ಲಿ ಉಳಿದ ಲವಣಗಳು ಉಕ್ಕಿಗೆ ತುಕ್ಕು ಹಿಡಿಸಬಲ್ಲವು. ಅದರ ಅಂಚನ್ನು ಉಜ್ಜಿ ಹೊಳಪು ತರಲೂ ಆಗುವುದಿಲ್ಲ.

ದಪ್ಪ ಇದ್ದಷ್ಟೂ ಗಟ್ಟಿ ಎಂದು 3 ಮಿ.ಮೀ. ಚರ್ಮ ತರುವವರಿದ್ದಾರೆ. ಅದು ಬೆಲ್ಟಿಗೆ ಸರಿ. ಇಲ್ಲಿ ಅದು ಸುತ್ತಿಕೊಳ್ಳುವುದೇ ಇಲ್ಲ, ಕೈಬಿಟ್ಟ ತಕ್ಷಣ ತೆರೆದುಕೊಳ್ಳುತ್ತದೆ. ಹೊಟ್ಟೆಭಾಗದ ಚರ್ಮವೂ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಇನ್ನು ಚರ್ಮದ ಚೂರುಗಳನ್ನು ಪುಡಿ ಮಾಡಿ, ಅಂಟು ಬೆರೆಸಿ, ಮೇಲೆ ಪ್ಲಾಸ್ಟಿಕ್ ಪದರ ಬಳಿದ ಹಾಳೆಗಳು ‘ಅಪ್ಪಟ ಚರ್ಮ’ದ ಮುದ್ರೆ ಹೊತ್ತು ಬರುತ್ತವೆ. ಕತ್ತರಿಸಿದ ಅಂಚನ್ನು ಉಗುರಿನಿಂದ ಕೆರೆದು ನೋಡಿ. ನಾರು ಎದ್ದರೆ ಚರ್ಮ, ಪುಡಿ ಉದುರಿದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಒಟ್ಟು ನಾಲ್ಕು ಚದರ ಅಡಿ ಸಾಕಾಗುತ್ತದೆಯಾದರೂ, ಗಾಯದ ಗುರುತು, ಸುಕ್ಕುಗಳನ್ನು ಬಿಟ್ಟು ಕತ್ತರಿಸಬೇಕಾದ್ದರಿಂದ ಆರು ಚದರ ಅಡಿ ಕೊಳ್ಳಿ.

ಅಳತೆ ಚಾಕುವಿನಿಂದ ತೆಗೆಯಬೇಕು

ಸಿದ್ಧ ನಕ್ಷೆಯನ್ನು ನಂಬಬೇಡಿ. ಯಾರ ಚಾಕುಗಳೋ ಅವನ್ನೇ ಕಾಗದದ ಮೇಲೆ ಸಾಲಾಗಿ ಇಡಿ. ಕಿಸೆಯ ಒಳಅಗಲದ ಲೆಕ್ಕ ಸರಳ: ಅಲಗಿನ ಅತಿ ಅಗಲವಾದ ಜಾಗ, ಅಂದರೆ ಹಿಡಿಯ ಕಡೆಗಿರುವ ಅದರ ಹಿಮ್ಮಡಿಯ ಬಳಿಯ ಅಳತೆಗೆ 15 ಮಿ.ಮೀ. ಸೇರಿಸಿ. ಇಲ್ಲೊಂದು ಮಾದರಿ. ಎಡದಿಂದ ಬಲಕ್ಕೆ: ಮಸೆಯುವ ಕಂಬಿಗೆ 45, ಸಿಪ್ಪೆ ಚಾಕುವಿಗೆ 40, 150 ಮಿ.ಮೀ. ಅಲಗಿನ ಸಣ್ಣ ಚಾಕುವಿಗೆ 45, ತೆಳು ಹೋಳು ಕೊಯ್ಯುವ ಉದ್ದನೆಯ ಚಾಕು ಸ್ಲೈಸರ್‌ಗೆ 50, ಬ್ರೆಡ್ ಚಾಕುವಿಗೆ 50, 240 ಮಿ.ಮೀ. ಅಲಗಿನ ಶೆಫ್ ಚಾಕುವಿಗೆ 65. ಒಟ್ಟು 295 ಮಿ.ಮೀ. ಇದರ ಮೇಲೆ 12 ಮಿ.ಮೀ. ಅಗಲದ ಏಳು ನಡುಪಟ್ಟಿ, ಅಂದರೆ 84. ಕಿಸೆಯ ಹಾಳೆಯ ಅಗಲ 379 ಮಿ.ಮೀ. ಬಂತು. ಹೊರಚರ್ಮ ಬಲಕ್ಕೆ ಇನ್ನೂ 71 ಮಿ.ಮೀ. ಹೆಚ್ಚಿರಲಿ. ಸುತ್ತಿದ ಮೇಲೆ ಕೊನೆಯ ಮಡಿಕೆಯನ್ನು ಮುಚ್ಚುವುದು ಈ ಭಾಗ.

ಸಣ್ಣದು ಎಡಕ್ಕೆ, ದೊಡ್ಡದು ಬಲಕ್ಕೆ ಎಂಬ ಕ್ರಮ ಅಂದಕ್ಕಲ್ಲ. ಅಲಗು ಬಾಗುವುದಿಲ್ಲ. ಆದ್ದರಿಂದ ಸುರುಳಿ ದುಂಡಗಾಗದೆ ಮೂಲೆಗಳಿರುವ ಆಕಾರವಾಗುತ್ತದೆ, ಬಾಗುವುದು ಕಿಸೆ–ಕಿಸೆಗಳ ನಡುವೆ ಮಾತ್ರ. ಕಂಬಿ ಗರ್ಭದಲ್ಲಿದ್ದು, ಅದರ ಸುತ್ತ ಕಿರಿದಾದ ಕಿಸೆಗಳು, ಹೊರಸುತ್ತಿಗೆ ಅಗಲವಾದವು ಬಂದರೆ ಸುರುಳಿ ಬಿಗಿಯಾಗಿ ಕೂರುತ್ತದೆ. ತಿರುಗುಮುರುಗು ಮಾಡಿದರೆ ಒಳಗೆ ಟೊಳ್ಳು ಉಳಿದು ಚಾಕುಗಳು ಗಲಗಲ ಎನ್ನುತ್ತವೆ.

ಎತ್ತರ: ಕಿಸೆಯ ಆಳ 250, ಕೆಳಗಿನ ಹೊಲಿಗೆಗೆ 15, ಹಿಡಿಗಳಿಗೆ 145, ಮಡಿಕೆಗೆ 20, ಹಿಡಿಗಳ ಮೇಲೆ ಇಳಿಬೀಳುವ ಮುಚ್ಚಳಕ್ಕೆ 160. ಹೊರಚರ್ಮ ಹೀಗೆ 590 × 450 ಮಿ.ಮೀ., ಕಿಸೆಯ ಹಾಳೆ 265 × 379 ಮಿ.ಮೀ. ಮುಚ್ಚಳ ಹಿಡಿಗಳನ್ನು ದಾಟಿ ಕಿಸೆಯ ಬಾಯಿಯ ಮೇಲೂ ಸ್ವಲ್ಪ ಕೂರಬೇಕು, ಇಲ್ಲದಿದ್ದರೆ ಚೀಲ ತಲೆಕೆಳಗಾದಾಗ ಚಾಕು ಜಾರುತ್ತದೆ.

ಹಲವರು ಮರೆಯುವುದು ಸಿಪ್ಪೆ ಚಾಕುವನ್ನು. ಅಲಗು, ಹಿಡಿ ಎರಡೂ ಸೇರಿ ಅದು 200 ಮಿ.ಮೀ. ಕೂಡ ಇರುವುದಿಲ್ಲ. 250 ಮಿ.ಮೀ. ಆಳದ ಕಿಸೆಗೆ ಹಾಕಿದರೆ ಬಾವಿಗೆ ಬಿದ್ದಂತೆ. ಆ ಕಿಸೆಗೆ ಬಾಯಿಯಿಂದ 100 ಮಿ.ಮೀ. ಕೆಳಗೆ ಅಡ್ಡಪಟ್ಟಿ ಇಟ್ಟು ಹೊಲಿದು ತಳ ಎತ್ತರಿಸಿ. ಸಣ್ಣ ಚಾಕುವಿನ ಕಿಸೆಗೆ ಅದೇ ರೀತಿ 160 ಮಿ.ಮೀ.ಗೆ.

ಕಾಗದದ ಮಾದರಿಯನ್ನು ಚಾಕುಗಳ ಸಮೇತ ಒಮ್ಮೆ ಸುತ್ತಿ ನೋಡಿ. ಬೆಲ್ಟಿನ ಉದ್ದ, ಬಕಲ್ ಕೂರುವ ಜಾಗ ಎರಡೂ ಆಗಲೇ ಸಿಗುತ್ತವೆ. ಸುರುಳಿಯ ಸುತ್ತಳತೆಗೆ 12 ಸೆಂ.ಮೀ. ಸೇರಿಸಿದರೆ ಬೆಲ್ಟಿನ ಉದ್ದ. ಕತ್ತರಿಸುವುದಕ್ಕೆ ಹೊಸ ಬ್ಲೇಡ್, ಉಕ್ಕಿನ ಸ್ಕೇಲ್. ಇಷ್ಟೇ.

ಮೊದಲು ಬೆಲ್ಟು, ಆಮೇಲೆ ಕಿಸೆ

ಬೆಲ್ಟು, ಬಕಲ್, ಹೆಗಲಪಟ್ಟಿಯ ಡಿ-ರಿಂಗ್ ಎಲ್ಲವನ್ನೂ ಹೊರಚರ್ಮ ಒಂಟಿಯಾಗಿರುವಾಗಲೇ ಹೊಲಿದುಬಿಡಿ. ಕಿಸೆ ಅಂಟಿಸಿದ ಮೇಲೆ ನೆನಪಾದರೆ ಆ ಹೊಲಿಗೆ ಕಿಸೆಯನ್ನೂ ಸೇರಿಸಿ ಹೊಲಿದು ಅದರ ಬಾಯಿ ಮುಚ್ಚುತ್ತದೆ. ಇನ್ನೊಂದು ಮಾತು: ಕಿಸೆಯ ಹಿಂಗೋಡೆಯ ನಟ್ಟನಡುವೆ ಬೆಲ್ಟಿನ ಹೊಲಿಗೆ ಬಂದರೆ ಆ ದಾರವನ್ನು ಒಳಗಿನಿಂದ ಅಲಗು ತೇಯುತ್ತದೆ. ಕೆಳಗಿನ ಬೆಲ್ಟನ್ನು ನಡುಪಟ್ಟಿ ಬರುವ ಗೆರೆಯ ಮೇಲೋ ಬಲಗಡೆಯ ಹೆಚ್ಚುವರಿ ಭಾಗದಲ್ಲೋ ಹೊಲಿಯಿರಿ. ಮೇಲಿನದನ್ನು ಹಿಡಿಗಳ ಜಾಗದಲ್ಲಿ ಎಲ್ಲಾದರೂ ಹೊಲಿಯಬಹುದು, ಅಲ್ಲಿ ಅಲಗಿಲ್ಲ.

20 ಮಿ.ಮೀ. ಅಗಲದ ಗಟ್ಟಿ ಹಿತ್ತಾಳೆಯ ಬಕಲ್ ಹಾಕಿ. ಟಿಚ್ ಬಟನ್ ಬೇಡ. ಒಂದು ಚಾಕು ಹೆಚ್ಚಾದರೆ ಹತ್ತುವುದಿಲ್ಲ, ಕಡಿಮೆಯಾದರೆ ಸಡಿಲ. ಅಯಸ್ಕಾಂತದ ಗುಂಡಿಯಂತೂ ಬೇಡವೇ ಬೇಡ, ಚಾಕು ಅದಕ್ಕೆ ಟಪ್ಪೆಂದು ಅಂಟಿ ಹರಿತ ಹಾಳು.

ಒರಟು ಮೈಯನ್ನು ಕೂರಿಸುವುದು

ಕಿಸೆಯ ಒಳಗೆ ಎರಡೂ ಕಡೆ ಚರ್ಮದ ಒರಟು ಮೈ ಬರುತ್ತದೆ. ಹಾಗೇ ಬಿಟ್ಟರೆ ನವಿರು ನಾರು ಅಲಗಿಗೆ ಅಂಟಿ ಅಡುಗೆಗೆ ಹೋಗುತ್ತದೆ. ಟ್ರಾಗಕಾಂತ್ ಎಂಬ ಗಿಡದ ಅಂಟನ್ನು ತೆಳ್ಳಗೆ ಬಳಿದು, ಅರೆ ಒಣಗಿದಾಗ ಗಾಜಿನ ಲೋಟದ ಬುಡದಿಂದ ಒತ್ತಿ ಉಜ್ಜಿ. ನಾರು ಮಲಗಿ ಹೊಳೆಯುತ್ತದೆ. ಆದರೆ ನಡುಪಟ್ಟಿ ಕೂರುವ ಗೆರೆಗಳಿಗೆ ಮೊದಲೇ ಕಾಗದದ ಟೇಪ್ ಹಚ್ಚಿರಿ. ಹೊಳಪಾದ ಜಾಗಕ್ಕೆ ಪಟ್ಟಿ ಅಂಟಿಸುವ ಸಲ್ಯೂಷನ್ ಹಿಡಿಯುವುದಿಲ್ಲ, ವಾರದೊಳಗೆ ಪಟ್ಟಿ ಎದ್ದುಬರುತ್ತದೆ.

ನಡುಪಟ್ಟಿ: ಕೆಲಸವೆಲ್ಲ ಇಲ್ಲಿದೆ

ನಡುಪಟ್ಟಿ ಎರಡು ಕೆಲಸ ಮಾಡುತ್ತದೆ. 2.5 ಮಿ.ಮೀ. ದಪ್ಪದಿಂದಾಗಿ ಎರಡು ಪದರಗಳ ನಡುವೆ ಅಲಗಿಗೆ ಜಾಗ ಉಳಿಯುತ್ತದೆ, ಕಿಸೆ ಉಬ್ಬುವುದಿಲ್ಲ. ಎರಡನೆಯದು ಮುಖ್ಯ: ಹರಿತವಾದ ಅಂಚು ಪಕ್ಕಕ್ಕೆ ಸರಿದಾಗ ಮೊದಲು ತಾಗುವುದು ಪಟ್ಟಿಯ ಮಗ್ಗುಲಿಗೆ. 12 ಮಿ.ಮೀ. ಪಟ್ಟಿಯ ನಟ್ಟನಡುವೆ ಹೊಲಿದರೆ ದಾರ ಮುಟ್ಟಲು ಅಲಗು 6 ಮಿ.ಮೀ. ಗಡಸು ಚರ್ಮವನ್ನು ಕೊಯ್ಯಬೇಕು. 6 ಮಿ.ಮೀ. ಅಗಲದ ಪಟ್ಟಿ ಇಟ್ಟು ಅಂಚಿನಲ್ಲಿ ಹೊಲಿದರೆ ಪಟ್ಟಿ ಇಟ್ಟೂ ಇಡದಂತೆ.

ಉದ್ದಪಟ್ಟಿಗಳು ಏಳು, ಪ್ರತಿಯೊಂದೂ 265 ಮಿ.ಮೀ., ಕಿಸೆಯ ಬಾಯಿಯಿಂದ ಕೆಳ ಅಂಚಿನವರೆಗೆ. ಇವು ಚಾಕುವಿಗೆ ಸಮಾನಾಂತರವಾದ್ದರಿಂದ ಎಷ್ಟು ಗಡಸಾದರೂ ಸುತ್ತುವುದಕ್ಕೆ ಅಡ್ಡಿಯಿಲ್ಲ. ತಳದ ಪಟ್ಟಿಯ ಕಥೆ ಬೇರೆ. ಅದು ಸುರುಳಿಗೆ ಅಡ್ಡಡ್ಡ ಕೂರುತ್ತದೆ. 379 ಮಿ.ಮೀ. ಉದ್ದದ ಒಂದೇ ಪಟ್ಟಿ ಇಟ್ಟರೆ ಕೆಳಗಡೆ ಮರದ ಹಲಗೆ ಕಟ್ಟಿದ ಹಾಗೆ, ಮೇಲೆ ಸುತ್ತಿಕೊಂಡರೂ ಬುಡ ಬೀಸಣಿಗೆಯಂತೆ ಅಗಲಿ ನಿಲ್ಲುತ್ತದೆ. ಆದ್ದರಿಂದ ತಳದ ಪಟ್ಟಿಯನ್ನು ಕಿಸೆಗೊಂದರಂತೆ ಆರು ತುಂಡು ಮಾಡಿ. ಅಗಲ 15 ಮಿ.ಮೀ., ಉದ್ದ ಆಯಾ ಕಿಸೆಯ ಒಳಅಗಲಕ್ಕಿಂತ 3 ಮಿ.ಮೀ. ಕಡಿಮೆ. ಪ್ರತಿ ಬದಿಗೂ ಒಂದೂವರೆ ಮಿ.ಮೀ. ಸಂದು ಉಳಿಯುತ್ತದೆ, ಸುರುಳಿ ಬಾಗುವುದು ಆ ಸಂದಿನಲ್ಲೇ. ಸಂದು ಇದಕ್ಕಿಂತ ದೊಡ್ಡದಾದರೆ ಮೊನೆ ಅಲ್ಲಿ ನುಸುಳುತ್ತದೆ.

ಅಂಟಿಸುವ ಮೊದಲು ಪಟ್ಟಿಯ ನುಣುಪು ಮೈಯನ್ನು 80 ನಂಬರ್ ಸ್ಯಾಂಡ್ ಪೇಪರಿನಿಂದ ಬಣ್ಣ ಹೋಗುವವರೆಗೆ ಉಜ್ಜಿ. ಕಾಂಟ್ಯಾಕ್ಟ್ ಸಲ್ಯೂಷನ್ ಅನ್ನು ಎರಡೂ ಮೈಗೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಲು 10–15 ನಿಮಿಷ ಬಿಡಿ. ಹಸಿಯಿದ್ದಾಗಲೇ ಒತ್ತಿದರೆ ಪಟ್ಟಿ ಜಾರುತ್ತದೆ. ಮೊದಲು ಎಲ್ಲ ಪಟ್ಟಿಗಳನ್ನೂ ಹೊರಚರ್ಮಕ್ಕೆ ಕೂರಿಸಿ, ಚಾಕುಗಳನ್ನು ಒಮ್ಮೆ ಇಟ್ಟು ನೋಡಿ, ಆಮೇಲೆ ಕಿಸೆಯ ಹಾಳೆಯನ್ನು ಎಡ ಅಂಚಿನಿಂದ ಒಂದೊಂದೇ ಪಟ್ಟಿಗೆ ಒತ್ತುತ್ತ ಬನ್ನಿ. ಹಾಳೆಯ ಬಾಯಿಯ ಅಂಚನ್ನು ಇದಕ್ಕೂ ಮೊದಲೇ ಉಜ್ಜಿ ಮುಗಿಸಿರಬೇಕು, ಆಮೇಲೆ ಕೈ ಹೋಗುವುದಿಲ್ಲ.

ಒಳಪದರ ಸುಕ್ಕಾಗದಿರಲೆಂದು ಕೊಳವೆಯ ಮೇಲೆ ಬಾಗಿಸಿ ಅಂಟಿಸುವ ಉಪಾಯವೊಂದು ಚಾಲ್ತಿಯಲ್ಲಿದೆ. ಪರ್ಸಿಗೆ ಸರಿ. ಇಲ್ಲಿ ಹಾಗೆ ಮಾಡಿದರೆ ಚೀಲ ಮೇಜಿನ ಮೇಲೆ ಚಪ್ಪಟೆಯಾಗಿ ಬಿಚ್ಚಿಕೊಳ್ಳದು, ಬಾಣಸಿಗರಿಗೆ ಬೇಕಾದುದೇ ಹಾಗೆ ಚಪ್ಪಟೆಯಾಗುವುದು. ಸಮತಟ್ಟಾಗಿಯೇ ಅಂಟಿಸಿ. ಕಿಸೆಗೆ 1.2 ಮಿ.ಮೀ.ನ ಮೆತ್ತನೆ ಚರ್ಮ ಹೇಳಿದ್ದೇ ಇದಕ್ಕೆ. ಸುತ್ತಿದಾಗ ಹೆಚ್ಚಾದ ಚರ್ಮ ಕಿಸೆಯ ಮುಂದೆ ತುಸು ಉಬ್ಬಿ ಕೂರುತ್ತದೆ, ಏನೂ ತೊಂದರೆಯಿಲ್ಲ.

ಅಂಟಿದ ಮೇಲೆ ನಡುಪಟ್ಟಿ ಕಣ್ಣಿಗೆ ಕಾಣುವುದಿಲ್ಲ. ಅಂದಾಜಿನಲ್ಲಿ ಗೆರೆ ಎಳೆದು ಹೊಲಿದು, ಹೊಲಿಗೆ ಪಟ್ಟಿ ತಪ್ಪಿ ಕಿಸೆಯೊಳಗೆ ಬೀಳುವುದು ಇಲ್ಲೇ. ಚಮಚದ ಬೆನ್ನಿನಿಂದ ಪಟ್ಟಿಯ ಎರಡೂ ಮಗ್ಗುಲಿಗೆ ಮೇಲಿಂದ ಕೆಳಗೆ ಒತ್ತಿ ಎಳೆಯಿರಿ. ಮೆತ್ತನೆ ಚರ್ಮ ಒಳಗೆ ಕುಸಿದು, ಪಟ್ಟಿಯ ಆಕಾರ ಹಸುವಿನ ಬೆನ್ನಮೂಳೆಯಂತೆ ಎದ್ದು ಕಾಣುತ್ತದೆ. ಎರಡು ಅಂಚಿನ ನಡುವೆ ಸ್ಕೇಲ್ ಇಟ್ಟು ಗೆರೆ ಹಾಕಿ.

ತೂತು ಮತ್ತು ಹೊಲಿಗೆ

ಮೂರು ಪದರ ಸೇರಿ ಐದೂವರೆ ಮಿ.ಮೀ. ದಪ್ಪ. ನಾಲ್ಕು ಮಿ.ಮೀ. ಅಂತರದ ಹಲ್ಲುಳಿಯನ್ನು ಕೊಡತಿಯಿಂದ ಹೊಡೆಯುವಾಗ ಉಳಿ ಕೂದಲೆಳೆಯಷ್ಟು ವಾಲಿದರೂ ಹಿಂದೆ ತೂತುಗಳು ಹಾವಿನಂತೆ ಹರಿಯುತ್ತವೆ, ಹೊರಗಿನವರಿಗೆ ಕಾಣುವುದೂ ಆ ಹಿಂಬದಿಯೇ. ಒಮ್ಮೆಗೇ ಪೂರ್ತಿ ಹೊಡೆಯಬೇಡಿ. ಮುಂದಿನಿಂದ ಅರ್ಧ ಆಳಕ್ಕೆ ಗುರುತು ಹೊಡೆದು, ಒಂದೊಂದೇ ತೂತನ್ನು ಚುಚ್ಚುವ ಉಳಿಯಿಂದ ಪೂರ್ಣಗೊಳಿಸಿ. ನಿಧಾನ, ಆದರೆ ನೇರ. ಹಲ್ಲುಗಳನ್ನು ಆಗಾಗ ಜೇನುಮೇಣಕ್ಕೆ ಚುಚ್ಚಿದರೆ ಉಳಿ ಸಿಕ್ಕಿಕೊಳ್ಳುವುದಿಲ್ಲ.

0.8 ಮಿ.ಮೀ. ಮೇಣದ ಪಾಲಿಯೆಸ್ಟರ್ ದಾರ, ಎರಡು ಮೊಂಡು ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ದಾರ ಹಾಯುವ ಹೊಲಿಗೆ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಕಡಿದರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತವೆ, ಇದರಲ್ಲಿ ಇನ್ನೊಂದು ದಾರ ಹಿಡಿದಿರುತ್ತದೆ. ದಾರದ ಉದ್ದ ಹೊಲಿಗೆಯ ನಾಲ್ಕರಷ್ಟು, ಕೈಗೆ ಒಂದು ಗೇಣು ಹೆಚ್ಚು. ಕಿಸೆಯ ಬಾಯಿಯ ಬಳಿ ಮೂರು ಹೊಲಿಗೆ ಹಿಂದಕ್ಕೆ ಹೊಲಿದು ಬಿಗಿ ಮಾಡಿ, ಎಳೆತವೆಲ್ಲ ಅಲ್ಲಿ. ಅದಕ್ಕೆಂದು ರಿವೆಟ್ ಹೊಡೆಯುವವರಿದ್ದಾರೆ. ಅದರ ತಲೆ ಪಟ್ಟಿಯ ಅಗಲ ಮೀರಿದರೆ ಚಾಕು ತೆಗೆದಾಗಲೆಲ್ಲ ಅಲಗನ್ನು ಗೀಚುತ್ತದೆ.

ತಳಕ್ಕೆ ಎರಡು ಸಾಲು: ಅಂಚಿನಿಂದ 4 ಮಿ.ಮೀ.ಗೊಂದು, 10 ಮಿ.ಮೀ.ಗೊಂದು. ಎತ್ತರಿಸಿದ ಎರಡು ತಳಗಳಿಗೆ 12 ಮಿ.ಮೀ. ಪಟ್ಟಿ, ಒಂದು ಸಾಲು ಸಾಕು.

ಹೊರ ಅಂಚುಗಳನ್ನು 240, ಆಮೇಲೆ 400 ನಂಬರ್ ಸ್ಯಾಂಡ್ ಪೇಪರಿನಿಂದ ಸಮ ಮಾಡಿ, ಸ್ವಲ್ಪ ನೀರು ತಾಗಿಸಿ ಒರಟು ಬಟ್ಟೆಯಿಂದ ಉಜ್ಜಿ, ಮೇಣ ಹಚ್ಚಿ. ಚರ್ಮಕ್ಕೆ ಅಡುಗೆ ಎಣ್ಣೆ ಬಳಿಯಬೇಡಿ, ಕಮಟು ವಾಸನೆ ಹಿಡಿದರೆ ಹೋಗುವುದಿಲ್ಲ. ದನದ ಕಾಲಿನ ಮೂಳೆಯಿಂದ ತೆಗೆಯುವ ನೀಟ್ಸ್‌ಫುಟ್ ಎಣ್ಣೆ ಒಂದು ಕೈ, ಅದೂ ಹೊರಮೈಗೆ ಮಾತ್ರ.

ಬಳಸುವಾಗ

ಅಲಗಿನ ಬೆನ್ನನ್ನು ಪಟ್ಟಿಗೆ ಆನಿಸಿ ಜಾರಿಸಿ, ಹರಿತ ಅಂಚು ಏನನ್ನೂ ತಾಗದೆ ಇಳಿಯುತ್ತದೆ. ಎಲ್ಲ ಚಾಕುಗಳ ಹರಿತ ಒಂದೇ ದಿಕ್ಕಿಗಿರಲಿ. ಒಯ್ಯುವಾಗ ಸುರುಳಿ ಅಡ್ಡಲಾಗಿರಲಿ. ನೆಟ್ಟಗೆ ಹಿಡಿದರೆ ಐದು ಮೊನೆಗಳ ಭಾರ ತಳದ ಪಟ್ಟಿಯ ಮೇಲೆ.

ಸುರುಳಿ ಚಾಕು ಒಯ್ಯಲಿಕ್ಕೆ, ಇಟ್ಟುಕೊಳ್ಳಲಿಕ್ಕಲ್ಲ. ಚರ್ಮ ಗಾಳಿಯ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ತೊಗಟೆ ಹದದ ಚರ್ಮದಲ್ಲಿರುವ ಟ್ಯಾನಿನ್ ತೇವದ ಜೊತೆ ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಲೆ ಬೀಳುತ್ತದೆ, ಕಾರ್ಬನ್ ಉಕ್ಕಿನ ಅಲಗಿನ ಮೇಲೂ ಚರ್ಮದ ಮೇಲೂ. ಒರೆಸಿದ ಚಾಕುವನ್ನೂ ಹತ್ತು ನಿಮಿಷ ಗಾಳಿಗಿಟ್ಟು, ಹಿಡಿ ಮತ್ತು ಅಲಗು ಸೇರುವ ಸಂದಿನಲ್ಲಿ ನೀರಿಲ್ಲವೆಂದು ಬೆರಳಿನಿಂದ ನೋಡಿ ಒಳಗೆ ಹಾಕಿ. ಮನೆ ಸೇರಿದ ಕೂಡಲೇ ಚಾಕುಗಳನ್ನು ತೆಗೆದು, ಸುರುಳಿಯನ್ನು ಬಿಚ್ಚಿ ಹರವಿಡಿ.