ಮೊದಲು ಕ್ಲಬ್, ಆಮೇಲೆ ಕೋವಿ: ಇಂಗ್ಲೆಂಡಿಗೆ ಹೊರಟ ನಮ್ಮ ಕಡೆಯವರಿಗೆ

ಅಕ್ಕನ ಮಗ ಸೆಪ್ಟೆಂಬರಿನಲ್ಲಿ ಓದಲು ಲೀಡ್ಸ್‌ಗೆ ಹೊರಟಿದ್ದಾನೆ. ಮೊನ್ನೆ ಶಿರಸಿಯ ಮನೆಯಲ್ಲಿ ಸೂಟ್‌ಕೇಸ್ ತುಂಬುವ ಕೆಲಸ ನಡೆದಿತ್ತು. ಅಪ್ಪೆಮಿಡಿ, ಕುಕ್ಕರ್, ಜಾಕೆಟ್ ಎಲ್ಲ ಒಳಗೆ ಹೋದವು. ಆಮೇಲೆ ಗೋಡೆಯ ಮೊಳೆಗೆ ನೇತಾಡುತ್ತಿದ್ದ ಏರ್‌ಗನ್ ತೋರಿಸಿ ಕೇಳಿದ: "ಮಾವ, ಇದನ್ನೂ ಒಯ್ಯಲಾ? ಅಲ್ಲಿ ಇದಕ್ಕೆ ಲೈಸೆನ್ಸ್ ಬೇಡವಂತೆ, ಕ್ಲಬ್ಬಿಗೆ ಸೇರಬಹುದಂತೆ."

ಅಪ್ಪಿತಪ್ಪಿಯೂ ಬೇಡ ಮಾರಾಯ ಅಂದೆ. ಅವನು ಓದಿದ್ದು ಸುಳ್ಳಲ್ಲ, ಆದರೆ ಅರ್ಧ. ಉಳಿದ ಅರ್ಧ ಹೇಳುವಷ್ಟರಲ್ಲಿ ಎರಡು ಸಲ ಚಹಾ ಆಯಿತು. ಅಂಕೋಲೆ, ಕುಮಟೆ, ಕಾರವಾರದಿಂದ ಆ ಕಡೆ ಹೋಗುವ ಬೇರೆಯವರಿಗೂ ಬೇಕಾದೀತು ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಕಡೆಯವರಿಗೆ ಕೋವಿ ಹೊಸತಲ್ಲ, ಅಲ್ವಾ? ತೋಟದ ಮನೆಗಳಲ್ಲಿ ಬೆಳೆ ಕಾಯಲು ಲೈಸೆನ್ಸಿನ ಕೋವಿ ಇರುತ್ತದೆ. ಎಲೆಕ್ಷನ್ ಬಂತು ಅಂದರೆ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಚೀಟಿ ತರಬೇಕು. ಆ ತಿಂಗಳೇ ಮಂಗಗಳಿಗೂ ಜೋರು! ಏರ್‌ಗನ್ ಅಂದರೆ ಅದರ ತಮ್ಮ. ಬಾಳೆಗೊನೆಗೆ ಕೈ ಹಾಕಿದ ಮಂಗನನ್ನು ಹೆದರಿಸಲು ಇರಲಿ ಅಂತ ಇಟ್ಟುಕೊಂಡಿದ್ದು. ಇನ್ನೊಂದು ಪರಿಚಯ ಮಾರಿಕಾಂಬೆ ಜಾತ್ರೆಯದು. ಬಲೂನ್ ಅಂಗಡಿಯವನ ಬಂದೂಕಿನಲ್ಲಿ ಎಡಕ್ಕೆ ಗುರಿಯಿಟ್ಟರೆ ಬಲಕ್ಕೆ ಹೋಗುತ್ತಿತ್ತು. ಹಾಗಾಗಿ ನಮ್ಮ ತಲೆಯಲ್ಲಿ ಏರ್‌ಗನ್ ಒಂದೋ ತೋಟದ ಸಾಮಾನು, ಇಲ್ಲ ಜಾತ್ರೆಯ ಆಟಿಕೆ. ಇಂಗ್ಲೆಂಡಿನ ಕಾನೂನು ಅದನ್ನು ಆಯುಧ ಅನ್ನುತ್ತದೆ. ಅಲ್ಲಿನ ಜನ ಅದನ್ನು ವಾರಕ್ಕೊಂದು ಸಂಜೆಯ ಆಟ ಮಾಡಿಕೊಂಡಿದ್ದಾರೆ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು.

ಮನೆಯ ಬಂದೂಕು ಯಾಕೆ ಬೇಡ? ಲೆಕ್ಕ ನೋಡಿ. ಭಾರತದ 2016ರ ಆರ್ಮ್ಸ್ ರೂಲ್ಸ್ ಪ್ರಕಾರ .177 ಇಂಚು ಬೋರಿನ (ನಳಿಗೆಯ ತೂತಿನ ಅಳತೆ), ಹೊಡೆತದ ಶಕ್ತಿ 20 ಜೂಲ್ ಒಳಗಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಏರ್ ರೈಫಲ್‌ನ ಮಿತಿ 12 ಫುಟ್-ಪೌಂಡ್. ನಮ್ಮ ಲೆಕ್ಕದಲ್ಲಿ ಸುಮಾರು 16.3 ಜೂಲ್. ಅಂದರೆ ಶಿರಸಿಯಲ್ಲಿ ಕಾನೂನಿನ ಒಳಗಿದ್ದ ಬಂದೂಕು ಅಲ್ಲಿ ಇಳಿದ ಕೂಡಲೇ ಸರ್ಟಿಫಿಕೇಟ್ ಇಲ್ಲದ ಫೈರ್‌ಆರ್ಮ್ ಆಗಿಬಿಡಬಹುದು. ಪಿಸ್ತೂಲಿಗೆ ಮಿತಿ ಇನ್ನೂ ಕಡಿಮೆ, 6 ಫುಟ್-ಪೌಂಡ್. ಅದನ್ನು ದಾಟಿದ ಏರ್ ಪಿಸ್ತೂಲು ನಿಷೇಧಿತ ಆಯುಧಗಳ ಸಾಲಿಗೆ ಸೇರುತ್ತದೆ.

ಮಿತಿಯೊಳಗಿನದಕ್ಕೆ ಲೈಸೆನ್ಸ್ ಬೇಡ, ನಿಜ. ಕೊಳ್ಳಲು 18 ತುಂಬಿರಬೇಕು. ಅಂಗಡಿಯವರು ಎದುರಿಗೇ ನಿಂತು ಕೈಗೆ ಕೊಟ್ಟು ಮಾರಬೇಕು. ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಪೋಸ್ಟಿನಲ್ಲಿ ಮನೆಗೆ ತರಿಸಿಕೊಳ್ಳುವ ಹಾಗಿಲ್ಲ. ಸಿಕ್ಕಿಬೀಳುವುದು ಕೊಂಡ ಮೇಲೆ. ಸಕಾರಣವಿಲ್ಲದೆ ಸಾರ್ವಜನಿಕ ಜಾಗದಲ್ಲಿ ಏರ್‌ಗನ್ ಹಿಡಿದಿರುವುದೇ ಅಪರಾಧ, ಒಳಗೆ ಪೆಲೆಟ್, ಅಂದರೆ ಅದರ ಸಣ್ಣ ಗುಂಡು, ಇಲ್ಲದಿದ್ದರೂ. ಕ್ಲಬ್ಬಿಗೆ ಹೋಗುವುದು ಸಕಾರಣ. ಆದರೂ ಚೀಲದೊಳಗೆ ಮುಚ್ಚಿ, ಖಾಲಿ ಮಾಡಿ ಒಯ್ಯಬೇಕು. ಹಿತ್ತಲಿನಲ್ಲಿ ಹೊಡೆದ ಪೆಲೆಟ್ ಪಕ್ಕದವರ ಬೇಲಿ ದಾಟಿದರೂ ಅಪರಾಧವೇ. ಆ ದೇಶದ ಹಿತ್ತಲು ನೋಡಿದ್ದೀರಲ್ಲ? ನಮ್ಮ ಅಂಗಳದ ಕಾಲು ಭಾಗ. ಮನೆಯಲ್ಲಿ ಮಕ್ಕಳಿದ್ದರೆ 18ರ ಒಳಗಿನವರ ಕೈಗೆ ಸಿಗದಂತೆ ಇಡುವ ಹೊಣೆ ನಿಮ್ಮದು. ಗೋಡೆಯ ಮೊಳೆ ಅಲ್ಲಿ ನಡೆಯುವುದಿಲ್ಲ. ಪಾರಿವಾಳಕ್ಕೋ ಅಳಿಲಿಗೋ ಗುರಿ ಇಡುವ ಯೋಚನೆ ಮಾಡಲೇಬೇಡಿ. ಕಾಡುಹಕ್ಕಿಗಳಿಗೆಲ್ಲ 1981ರ ಕಾಯ್ದೆಯ ರಕ್ಷಣೆ ಇದೆ. ವಿನಾಯಿತಿಗಳು ಇದ್ದರೂ ಅವು ಹೊಸಬರು ಕೈ ಹಾಕುವಂಥವಲ್ಲ.

ವೀಸಾದ ಮೇಲೆ ಇರುವವರು ಇಷ್ಟು ಹೆದರಿದರೆ ತಪ್ಪೇನಿಲ್ಲ. ಊರಿನವನಿಗೆ ದಂಡದಲ್ಲಿ ಮುಗಿಯುವ ಕೇಸು ನಮಗೆ ಮುಂದಿನ ವೀಸಾ ಅರ್ಜಿಯಲ್ಲೂ ಹಿಂಬಾಲಿಸುತ್ತದೆ.

ಅದಕ್ಕೇ ಹೇಳುವುದು, ಮೊದಲು ಕ್ಲಬ್. ಅಲ್ಲಿ ಹೊಸಬರಿಗೆ ಕ್ಲಬ್ಬಿನದೇ ಬಂದೂಕು ಕೊಡುತ್ತಾರೆ. ಕೊಳ್ಳುವ, ಬೀಗ ಹಾಕಿ ಇಡುವ, ಒಯ್ಯುವ ತಲೆನೋವು ಯಾವುದೂ ಇಲ್ಲ. ಹಾಸ್ಟೆಲ್‌ನಲ್ಲಿ ಇರುವ ಮಕ್ಕಳಿಗಂತೂ ಇದೊಂದೇ ದಾರಿ. ಅಲ್ಲಿ ಸಾಮಾನ್ಯವಾಗಿ ಏರ್‌ಗನ್ ಇಡಲು ಬಿಡುವುದೇ ಇಲ್ಲ. ಬಹಳಷ್ಟು ಯೂನಿವರ್ಸಿಟಿಗಳಲ್ಲಿ ರೈಫಲ್ ಕ್ಲಬ್ ಇರುತ್ತದೆ. ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ಫ್ರೆಶರ್ಸ್ ವಾರದಲ್ಲಿ ಅವರದೂ ಒಂದು ಮೇಜು ಇರುತ್ತದೆ, ಹೆಸರು ಬರೆಸಿ. ಕೆಲಸಕ್ಕೆ ಹೋದವರು ಎನ್‌ಎಸ್‌ಆರ್‌ಎ ಮೂಲಕ ಹುಡುಕಬಹುದು. ಪೂರ್ತಿ ಹೆಸರು ನ್ಯಾಷನಲ್ ಸ್ಮಾಲ್-ಬೋರ್ ರೈಫಲ್ ಅಸೋಸಿಯೇಷನ್. 1901ರಲ್ಲಿ ಕೂಲಿ ಕಾರ್ಮಿಕರ ರೈಫಲ್ ಕ್ಲಬ್ಬುಗಳಿಗಾಗಿ ಶುರುವಾದದ್ದು. ಈಗ ಸರ್ರೆಯ ಬಿಸ್ಲಿಯಲ್ಲಿ ಕಚೇರಿ.

ಈಮೇಲಿಗೆ ಉತ್ತರ ಬರುವುದು ತಡ. ಅಲ್ಲಿಗೆ ಹೋದ ಹೊಸತರಲ್ಲಿ ನಾನು ಬರೆದ ಮೊದಲ ಕ್ಲಬ್ಬಿನವರು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಹೆಸರು ನೋಡಿ ಸುಮ್ಮನಾದರೇನೋ ಅಂತ ಆಗ ಮನಸ್ಸಿಗೆ ಬಂದಿತ್ತು. ಈಗ ನಮ್ಮ ಕ್ಲಬ್ಬಿನ ಸೆಕ್ರೆಟರಿಯನ್ನು ನೋಡಿದರೆ ಗೊತ್ತಾಗುತ್ತದೆ. ಸಂಬಳವಿಲ್ಲದೆ ಬಿಡುವಿನಲ್ಲಿ ಮಾಡುವ ಕೆಲಸ ಅದು, ಇನ್‌ಬಾಕ್ಸ್ ತೆರೆಯುವುದೇ ವಾರಕ್ಕೊಮ್ಮೆ. ಹತ್ತು ದಿನ ಕಾದು ಫೋನ್ ಮಾಡಿ. ಮುಂಚೆ ಹೇಳದೆ ನೇರ ಹೋಗಿ ಬಾಗಿಲು ತಟ್ಟಬೇಡಿ.

ಮೊದಲ ದಿನ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಅದಕ್ಕೆ ಸೆಕ್ಷನ್ 21 ಅನ್ನುತ್ತಾರೆ, 1968ರ ಫೈರ್‌ಆರ್ಮ್ಸ್ ಕಾಯ್ದೆಯದು. ಮೂರು ತಿಂಗಳಿಂದ ಮೂರು ವರ್ಷದ ಒಳಗಿನ ಜೈಲು ಶಿಕ್ಷೆ ಆದವರು ಬಿಡುಗಡೆಯಾಗಿ ಐದು ವರ್ಷ ಬಂದೂಕು ಮುಟ್ಟುವಂತಿಲ್ಲ. ಮೂರು ವರ್ಷ ಅಥವಾ ಹೆಚ್ಚಾದರೆ ಜೀವನಪೂರ್ತಿ ಇಲ್ಲ. ನಾನು ಅಂಥವನಲ್ಲ ಅಂತ ಬರೆದುಕೊಡುವುದು. ಅದೇ ಕ್ಲಬ್ಬಿನಲ್ಲಿ .22 ಮದ್ದಿನ ರೈಫಲ್ಲೂ ಇದ್ದರೆ ಪೂರ್ತಿ ಸದಸ್ಯರಾಗಲು ಕನಿಷ್ಠ ಮೂರು ತಿಂಗಳು ಕಾಯಬೇಕು. ಅವಮಾನ ಅಂದುಕೊಳ್ಳಬೇಡಿ, ಎಲ್ಲರಿಗೂ ಅದೇ.

ನಮ್ಮ ಕ್ಲಬ್ ಅಂದರೆ ಒಂದು ಹಳೆಯ ಹಾಲ್. ಹಗಲು ಹೊತ್ತು ಮಕ್ಕಳ ಡ್ಯಾನ್ಸ್ ಕ್ಲಾಸ್, ಗುರುವಾರ ಸಂಜೆ ನಾವು. ಹತ್ತು ಮೀಟರ್ ದೂರದಲ್ಲಿ ಕಬ್ಬಿಣದ ಪೆಟ್ಟಿಗೆ, ಅದರ ಮುಂದೆ ಒಂದು ಕಾರ್ಡ್. ಅದರಲ್ಲಿ ಹತ್ತು ಪುಟ್ಟ ಕಪ್ಪು ವೃತ್ತ, ಒಂದೊಂದಕ್ಕೆ ಒಂದೇ ಈಡು. ರೈಫಲ್ ಗುರಿಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅಂದರೆ ಸಾಸಿವೆ ಕಾಳಿಗಿಂತ ಸಣ್ಣದು. ಅದಕ್ಕೆ ಹೊಡೆಯುವ ಪೆಲೆಟ್ 4.5 ಮಿಲಿಮೀಟರ್. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಚುಕ್ಕೆಗೆ ಹೊಡೆದು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಪಡೆದದ್ದು ಏರ್ ಪಿಸ್ತೂಲಿನಲ್ಲಿ. ಅದರ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್. ದೊಡ್ಡದಾಯಿತಲ್ಲ ಅನ್ನಬೇಡಿ, ಒಂದೇ ಕೈಯಲ್ಲಿ ಹಿಡಿದು ನೋಡಿ.

ಗಲಾಟೆ ಇಲ್ಲ, ಚಪ್ಪಾಳೆ ಇಲ್ಲ. ಟಪ್, ಟಪ್ ಅನ್ನುವ ಶಬ್ದ ಅಷ್ಟೇ.

ಎರಡನೇ ವಾರ ನಾನೊಂದು ತಪ್ಪು ಮಾಡಿದೆ. ಹಿಂದಿನಿಂದ ಯಾರೋ ಹೆಸರು ಕರೆದರು. ರೈಫಲ್ ಕೈಯಲ್ಲಿ ಹಿಡಿದೇ "ಹಾಂ?" ಅಂತ ತಿರುಗಿದೆ. ಪೆಲೆಟ್ ಇರಲಿಲ್ಲ, ಸ್ಪ್ರಿಂಗ್ ಎಳೆದಿರಲಿಲ್ಲ. ಆದರೂ ನಳಿಗೆ ಅರ್ಧ ವೃತ್ತ ಸುತ್ತಿತು, ನಾಲ್ಕು ಜನರ ಎದೆಯ ಮುಂದೆ. "ಸ್ಟಾಪ್!" ಅಂತ ಒಂದು ಕೂಗು, ಆವತ್ತು ಹೊಡೆಯುವವರನ್ನು ನೋಡಿಕೊಳ್ಳುತ್ತಿದ್ದ ಹಿರಿಯರದು. ಅಷ್ಟು ಮೆತ್ತಗೆ ಮಾತಾಡುವ ಮನುಷ್ಯ ಹಾಗೆ ಕೂಗಬಲ್ಲ ಅಂತಲೇ ನನಗೆ ಗೊತ್ತಿರಲಿಲ್ಲ. ಎಲ್ಲರೂ ಬಂದೂಕು ಕೆಳಗಿಟ್ಟರು. ಅವರು ನನ್ನ ಕೈಯಿಂದ ರೈಫಲ್ ತೆಗೆದುಕೊಂಡು, ತೆರೆದು, ಹಸಿರು ಪ್ಲಾಸ್ಟಿಕ್ ದಾರವೊಂದನ್ನು ಒಳಗೆ ತೂರಿಸಿ ಮೇಜಿನ ಮೇಲಿಟ್ಟರು. ಬಂದೂಕು ಖಾಲಿ ಅಂತ ತೋರಿಸುವ ಗುರುತು ಅದು. ಆಮೇಲೆ ಬೈಗುಳ ಇಲ್ಲ, ಸುಮ್ನೆ ಒಂದು ಮಾತು: ನಳಿಗೆ ಯಾವಾಗಲೂ ಗುರಿಯ ಕಡೆ, ಮನೆಗೆ ಬೆಂಕಿ ಬಿದ್ದರೂ. ಆ ರಾತ್ರಿ ಮತ್ತೆ ಹೊಡೆಯಲು ಬಿಡಲಿಲ್ಲ. ಮುಂದಿನ ವಾರ ಏನೂ ಆಗದವರಂತೆ ಚಹಾ ಕೊಟ್ಟರು.

ಚಹಾ ಅಂದಾಗ ನೆನಪಾಯಿತು. ಪೆಲೆಟ್ ಸೀಸದ್ದು. ಬಿಸ್ಕತ್ತು ಮುಟ್ಟುವ ಮೊದಲು ಕೈ ತೊಳೆಯಿರಿ. ನಮ್ಮ ಹಾಗೆ ಪೆಲೆಟ್ ಬಾಯಲ್ಲಿ ಕಚ್ಚಿಕೊಂಡು ನಿಲ್ಲುವ ಅಭ್ಯಾಸ ಬೇಡವೇ ಬೇಡ.

ಒಂದೆರಡು ತಿಂಗಳು ಕಳೆದ ಮೇಲೆ ಲೀಗಿಗೆ ಹೆಸರು ಕೊಡಿ ಅನ್ನುತ್ತಾರೆ. ಇದು ನನಗೆ ಭಾರಿ ಇಷ್ಟವಾದ ಪದ್ಧತಿ. ಪಂದ್ಯಕ್ಕೆ ಎಲ್ಲಿಗೂ ಹೋಗಬೇಕಿಲ್ಲ. ನಿಮ್ಮ ಕ್ಲಬ್ಬಿನಲ್ಲೇ ಸಾಕ್ಷಿಯ ಎದುರು ಹೊಡೆದು, ಆ ಕಾರ್ಡನ್ನು ಪೋಸ್ಟಿನಲ್ಲಿ ಕಳಿಸುವುದು. ಎಲ್ಲೋ ಇರುವ ಒಬ್ಬರು ಪ್ರತಿ ತೂತನ್ನೂ ಅಳೆದು ಅಂಕ ಹಾಕುತ್ತಾರೆ. ಎದುರಾಳಿಯ ಮುಖವನ್ನೇ ನೋಡದೆ ನಾನು ಒಂದು ಚಳಿಗಾಲ ಪೂರ್ತಿ ಸೋತಿದ್ದೇನೆ. ಕೆಲವು ಕಡೆ ಪಬ್ಬುಗಳಲ್ಲಿ ಬೆಲ್ ಟಾರ್ಗೆಟ್ ಅಂತ ಹಳೆಯ ಆಟವೂ ಇದೆ. ಆರು ಗಜ ದೂರದಲ್ಲಿ ಕಬ್ಬಿಣದ ತಟ್ಟೆ, ನಡುವಿನ ಸಣ್ಣ ತೂತಿಗೆ ಪೆಲೆಟ್ ಹೊಕ್ಕರೆ ಗಂಟೆ ಬಾರಿಸುತ್ತದೆ.

ಸ್ವಂತದ್ದು ಕೊಳ್ಳುವ ಮಾತು ಇದೆಲ್ಲ ಆದ ಮೇಲೆ. ಕ್ಲಬ್ಬಿನ ಹಿರಿಯರು ಹೊಸದು ಕೊಂಡಾಗ ಹಳೆಯದನ್ನು ಮಾರುತ್ತಾರೆ, ಅದೇ ಲೇಸು. ಕ್ರೋನೋಗ್ರಾಫ್ ಅನ್ನುವ ಯಂತ್ರದಲ್ಲಿ ಪೆಲೆಟ್ಟಿನ ವೇಗ ಅಳೆಸಿ, ಶಕ್ತಿ 12 ಫುಟ್-ಪೌಂಡಿನ ಒಳಗಿದೆಯಾ ನೋಡಿಕೊಳ್ಳಿ.

ಇಷ್ಟೂ ಹೇಳಿದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡಿನಲ್ಲಿ 2016ರ ಡಿಸೆಂಬರ್ 31ರಿಂದ ಏರ್‌ಗನ್ ಇಟ್ಟುಕೊಳ್ಳಲು ಪೊಲೀಸರ ಸರ್ಟಿಫಿಕೇಟ್ ಬೇಕು. ಗ್ಲಾಸ್ಗೋಗೆ ಕೆಲಸ ಬದಲಾಯಿಸುವವರು ಬಂದೂಕನ್ನು ಕಾರಿನಲ್ಲಿ ಹಾಕಿಕೊಂಡು ಸುಮ್ನೆ ಗಡಿ ದಾಟಬೇಡಿ. ಉತ್ತರ ಐರ್ಲೆಂಡಿನಲ್ಲಿ ಒಂದು ಜೂಲ್ ದಾಟಿದರೇ ಸರ್ಟಿಫಿಕೇಟ್.

ಇಷ್ಟು ಕೇಳಿದ ಮೇಲೆ ಹುಡುಗ ಏರ್‌ಗನ್ ತಿರುಗಿ ಮೊಳೆಗೆ ಹಾಕಿದ. ಜಗಲಿಗೆ ಕರೆದು ಅವನಿಗೆ ಒಂದು ಪರೀಕ್ಷೆ ಮಾಡಿಸಿದೆ. ಎರಡೂ ಅಂಗೈ ಮುಂದಕ್ಕೆ ಚಾಚಿ, ಹೆಬ್ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡು ಕಣ್ಣೂ ಬಿಟ್ಟು ಅದರೊಳಗೆ ತೋಟದಂಚಿನ ಅಡಿಕೆ ಮರ ನೋಡುವುದು. ಬಲಗಣ್ಣು ಮುಚ್ಚಿದ, ಮರ ಅಲ್ಲೇ ಇತ್ತು. ಎಡಗಣ್ಣು ಮುಚ್ಚಿದ, ಮರ ಮಾಯ. ಬಲಗೈಯವನು, ಆದರೆ ಗುರಿ ಹಿಡಿಯುವ ಕಣ್ಣು ಎಡದ್ದು. ಇಷ್ಟು ದಿನ ಅವನ ಒಂದು ಈಡೂ ಮಂಗನ ಹತ್ತಿರ ಹೋಗದಿದ್ದದ್ದು ಇದಕ್ಕೇ ಇರಬೇಕು. ಕ್ಲಬ್ಬಿಗೆ ಬರೆಯುವಾಗ ಇದನ್ನೂ ಒಂದು ಸಾಲು ಸೇರಿಸು ಅಂದೆ, ಎಡಗೈ ರೈಫಲ್ ಇದ್ದರೆ ತೆಗೆದಿಡುತ್ತಾರೆ.