ಅಕ್ಕಂದಿರ ಸಹಿ ಇಲ್ಲದೆ ಹೋಂ ಲೋನ್ ಇಲ್ಲ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಒಂದು ಹಳೇ ಮನೆ ಮಾತಾಡಿದ್ದಾಗ ನನಗಿದ್ದ ಚಿಂತೆ ಒಂದೇ. ಎಲೆಕ್ಟ್ರಿಕಲ್ ಅಂಗಡಿಯವನು ಸಂಬಳದ ಸ್ಲಿಪ್ ಎಲ್ಲಿಂದ ತರಬೇಕು? ಅದು ದೊಡ್ಡ ವಿಷಯವೇ ಆಗಲಿಲ್ಲ. ಐಟಿ ರಿಟರ್ನ್ಸ್, ಜಿಎಸ್‌ಟಿ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆ. ಸಿಬಿಲ್ ಸ್ಕೋರ್, ಅಂದ್ರೆ ಹಳೇ ಸಾಲ ಹೆಂಗೆ ತೀರಿಸಿದೀವಿ ಅನ್ನೋದರ ಅಂಕ, ನೋಡಿದರು, ಮುಗೀತು. ಫೈಲು ನಿಂತಿದ್ದು ಮನೆಯ ಕಾಗದದ ಹತ್ತಿರ.

ಮಾರುವವರ ಹೆಸರಲ್ಲೇ ಖಾತಾ ಇತ್ತು. ಕಂದಾಯದ ರಸೀದಿ ಇತ್ತು. ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರ) ಸಾಲ ಏನೂ ಕಾಣಲಿಲ್ಲ. ಬ್ಯಾಂಕಿನ ವಕೀಲರು ಹಳೇ ಕ್ರಯಪತ್ರ ತಿರುವಿ ಹಾಕಿ, "ಮನೆ ಕೊಂಡಿದ್ದು ಇವರ ತಂದೆ. ಇವರೊಬ್ಬರಿಗೇ ಹೆಂಗೆ ಬಂತು?" ಅಂದರು. ಉಯಿಲು ಇರಲಿಲ್ಲ, ಪಾಲುಪಟ್ಟಿಯೂ ಇಲ್ಲ. ತಂದೆ ತೀರಿಕೊಂಡ ಮೇಲೆ ಮಗ ಖಾತಾ ಬದಲಾಯಿಸಿಕೊಂಡಿದ್ದರು, ಅಷ್ಟೆ. ವಂಶವೃಕ್ಷ ತರಿಸಿದರೆ ಅದರಲ್ಲಿ ತಾಯಿ, ಇಬ್ಬರು ಅಕ್ಕಂದಿರು!

ಇಸಿ ತೋರಿಸುವುದು ರಿಜಿಸ್ಟರ್ ಆದ ವ್ಯವಹಾರ ಮಾತ್ರ. ಯಾರು ತೀರಿಕೊಂಡರು, ಪಾಲು ಯಾರಿಗೆ ಬಂತು ಅನ್ನೋದು ಅದರಲ್ಲಿ ಬರಲ್ಲ. ಖಾತಾ ಇರುವುದು ಕಂದಾಯಕ್ಕೆ, ಅದೊಂದರಿಂದಲೇ ಮಾಲೀಕರಾಗಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡಿದ್ದು, ಉಯಿಲು ಬರೆಯದೆ ಹೋದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿಗೆ, ಗಂಡು ಹೆಣ್ಣು ಮಕ್ಕಳಿಗೆಲ್ಲ ಸಮಪಾಲು. "ಮದುವೇಲಿ ಬಂಗಾರ ಹಾಕಿದೀವಲ್ಲ ಸರ್" ಅಂತ ಮಾರುವವರು ಗೊಣಗಿದರು. ಬ್ಯಾಂಕಿನಲ್ಲಿ ಆ ಮಾತು ನಡೆಯುತ್ತಾ?

ದಾರಿ ಎರಡಿದ್ದವು. ಅಕ್ಕಂದಿರು, ತಾಯಿ ಮೊದಲು ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು, ಇಲ್ಲಾಂದ್ರೆ ಎಲ್ಲರೂ ಸೇರಿ ನನಗೆ ಕ್ರಯ ಮಾಡಿಕೊಡಬೇಕು. ನಾನು ಎರಡನೆಯದಕ್ಕೆ ಗಟ್ಟಿಯಾಗಿ ನಿಂತೆ. ಹರಿಹರದಲ್ಲಿದ್ದ ಅವರ ಒಬ್ಬ ಅಕ್ಕನ ಮನೆಗೆ ಮಾರುವವರ ಜೊತೆ ನಾನೂ ಹೋದೆ. ಆಯಮ್ಮ ಚಹಾ ಕೊಟ್ಟು, ತಮ್ಮನ ಕಡೆ ನೋಡದೆ ನನ್ನನ್ನೇ ಕೇಳಿದರು: "ಸಹಿ ಹಾಕ್ತೀನಪ್ಪ. ನನ್ನ ಪಾಲಿನ ಡಿಡಿ ನನ್ನ ಹೆಸರಲ್ಲೇ ಬರುತ್ತಲ್ವಾ?" ಬರುತ್ತೆ ಅಂದೆ. ರಿಜಿಸ್ಟ್ರೇಷನ್ ದಿನ ಬ್ಯಾಂಕಿನವರು ಹಾಗೇ ನಾಲ್ಕು ಡಿಡಿ ತಂದರು. ಹೆಬ್ಬೆಟ್ಟು, ಫೋಟೊ ಆಗುವಾಗ ತಮ್ಮ ಮಾತಾಡಲಿಲ್ಲ, ಅದು ಅವರ ಮನೆ ವಿಷಯ.

ದುಡ್ಡಿನ ಲೆಕ್ಕ ಮೊದಲೇ ಹಾಕಿಕೊಳ್ಳಿ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ ಶೇ 90ರವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ. ಅದಕ್ಕಿಂತ ಜಾಸ್ತಿ ಆದರೆ, 75 ಲಕ್ಷದವರೆಗೆ ಶೇ 80. ಮನೆ ಬೆಲೆ 10 ಲಕ್ಷ ಮೀರಿದರೆ ಸ್ಟಾಂಪು, ರಿಜಿಸ್ಟ್ರೇಷನ್ ಖರ್ಚು ಈ ಲೆಕ್ಕಕ್ಕೆ ಸೇರಲ್ಲ, ಕೈಯಿಂದಲೇ ಹಾಕಬೇಕು. ಲೋನ್ ಜೊತೆ ಇನ್ಶೂರೆನ್ಸ್ ಫಾರಂ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ.

ಬ್ಯಾಂಕಿಗೆ ಕೊಟ್ಟ ಮೂಲ ಪತ್ರಗಳ ಪಟ್ಟಿಗೆ ಸೀಲು, ಸಹಿ ಹಾಕಿಸಿಕೊಂಡಿದ್ದೇನೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಅವನ್ನು ವಾಪಸ್ ಕೊಡಬೇಕು. ಅವರ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಆ ಪಟ್ಟಿ ಇಲ್ಲದಿದ್ದರೆ ಏನೇನು ಕೊಟ್ಟಿದ್ದೆವು ಅಂತ ತೋರಿಸುವುದು ಕಷ್ಟ.